ಬೊಂಬೆ ಮೇಷ್ಟ್ರ ಕೈ

ಜೂನ್ 17, ಮಂಗಳವಾರ. ರೈಲಿನಲ್ಲಿ

ಬೀರೂರು ದಾಟಿತು. ತೊಡೆ ಮೇಲೆ ಲ್ಯಾಪ್‌ಟಾಪು. ಅಜ್ಜಂಪುರ ಬರುವಷ್ಟರಲ್ಲಿ ‘ಆವಿಯಾಗುವಿಕೆ’ ಪಾಠದ ವಿಡಿಯೋ ಮುಗಿಸಬೇಕು. ಒಂಬತ್ತನೇ ಕ್ಲಾಸಿಗೆ ಇವತ್ತೇ ತೋರಿಸುತ್ತೇನೆ ಎಂದು ಕೊಚ್ಚಿಕೊಂಡಿದ್ದೇನೆ. ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ವೆಬ್‌ಸೈಟಿನ ಚಕ್ರ ಮಾತ್ರ ತಿರುಗುತ್ತಲೇ ಇದೆ.

ವಿಡಿಯೋ ಮಾಡುವುದು ಕಷ್ಟವೇನಲ್ಲ. ಹಿನ್ನೆಲೆ ಆರಿಸು, ಬೊಂಬೆ ಆರಿಸು, ನಮ್ಮ ದನಿ ರೆಕಾರ್ಡ್ ಮಾಡಿ ಸೇರಿಸು — ಬೊಂಬೆ ಮಾತಾಡುತ್ತದೆ. ಆದರೆ ‘ಹಳ್ಳಿ’ ಎಂದು ಹುಡುಕಿದರೆ ಕೆಂಪು ಮಾಡಿನ ಮನೆ, ಕೊರಳಲ್ಲಿ ಗಂಟೆ ಕಟ್ಟಿಕೊಂಡ ದಪ್ಪ ಹಸು, ಹಿಂದೆ ಹಿಮದ ಬೆಟ್ಟ. ತೆಗೆದುಹಾಕಿ ಲಕ್ಕವಳ್ಳಿ ಡ್ಯಾಮಿನ ಫೋಟೋ ಹಾಕಿದೆ. ಬೊಂಬೆಯ ಕೋಟು ಬಿಚ್ಚಿಸಿ ಅಂಗಿ ತೊಡಿಸಿದೆ. ಮೈಬಣ್ಣ ನಮ್ಮ ಬಣ್ಣಕ್ಕೆ ತಂದೆ. ಕನ್ನಡಕ ಹಾಕಿದೆ. ನಿನ್ನೆ ಶ್ರುತಿ ನೋಡಿ, “ನಿಮ್ ತಮ್ಮ ಇದ್ದಂಗವ್ನೆ ಕಣ್ರೀ. ನಿಮ್ಗಿಂತ ಕೂದ್ಲು ಜಾಸ್ತಿ ಅಷ್ಟೇ” ಅಂದಳು. ಕಟ್ಟಿಕೊಂಡ ಹೆಂಡತಿ ಆಡುವ ಮಾತೇ ಇದು?

ಬಾಯಿ ತಾನಾಗಿಯೇ ಆಡುತ್ತದೆ. ಕೈಗೆ ಮಾತ್ರ ಪಟ್ಟಿಯಿಂದ ಚಲನೆ ಆರಿಸಬೇಕು. ಟಾಕ್ ಒನ್, ಟಾಕ್ ಟೂ, ಎಕ್ಸ್‌ಪ್ಲೇನ್... ಯಾವುದಾದರೇನು. ಕೈ ಆಡುತ್ತಿದ್ದರೆ ಜೀವ ಇದ್ದಂತೆ ಕಾಣುತ್ತದೆ. ಉದ್ದಕ್ಕೂ ಟಾಕ್ ಟೂ ಒತ್ತಿದೆ. ಮುಗಿಯಿತು.

ಅದೇ ದಿನ, ಸಂಜೆ

ಗೆದ್ದೆ. ಮಕ್ಕಳು ಎರಡು ಸಲ ಹಾಕಿಸಿಕೊಂಡರು. ಆಗಲೇ ಹೆಸರೂ ಇಟ್ಟಾಯಿತು — ಬೊಂಬೆ ಮೇಷ್ಟ್ರು.

ಬರೆದಿಡಬೇಕಾದ್ದು ಬೇರೆ ಇದೆ. ಭೂಮಿಕಾ. ಈ ವರ್ಷ ಹೊಸದಾಗಿ ಸೇರಿದ ಹುಡುಗಿ, ಹುಟ್ಟಿನಿಂದ ಕಿವಿ ಕೇಳಿಸದು, ಮಾತಿಲ್ಲ. ಬೋರ್ಡಿನಲ್ಲಿ ಇದ್ದದ್ದನ್ನು ಮುತ್ತಿನಂತೆ ಬರೆದುಕೊಳ್ಳುತ್ತಾಳೆ. ಬರೆದದ್ದರ ಅರ್ಥ ಕೇಳಿದರೆ ನಗುತ್ತಾಳೆ. ಎಂಟನೇ ಕ್ಲಾಸಿನವರೆಗೆ ಹೀಗೇ ಬಂದಿದ್ದಾಳೆ. ಸೇರಿಸುವಾಗ ಅವಳ ಅಪ್ಪ ತಿಪ್ಪೇಶ್ ಹೇಳಿದ್ದರು, “ಒಂಬತ್ತು ನೋಡಾನ ಸಾ. ಆಗ್ಲಿಲ್ಲ ಅಂದ್ರೆ ಮನೇಲಿರ್ಲಿ. ಕೂಸು ಸುಮ್ನೆ ಕೂತ್ಕೊಂಡು ಬರೋದು ನೋಡಕ್ಕಾಗಲ್ಲ.”

ಇವತ್ತು ಆ ಕೂಸು ರೆಪ್ಪೆ ಮಿಟುಕಿಸದೆ ನೋಡಿದಳು. ಮೊದಲ ಬೆಂಚಿನಿಂದ ಮುಂದಕ್ಕೆ ಬಾಗಿ, ಕ್ಲಾಸಿನ ಟಿವಿಗೆ ಮೂಗು ತಾಗಿಸುವ ಹಾಗೆ. ನನ್ನ ಪಾಠಕ್ಕೆ ಒಂದು ದಿನವೂ ಹೀಗೆ ಕೂತವಳಲ್ಲ. ಹೊಟ್ಟೆಕಿಚ್ಚಾಗಬೇಕಿತ್ತು, ಖುಷಿಯಾಯಿತು.

ಜೂನ್ 25, ಬುಧವಾರ

ದ್ರವ, ಘನ, ಅನಿಲ, ಕುದಿಯುವುದು — ವಿಡಿಯೋ ಮೇಲೆ ವಿಡಿಯೋ. ಕೈ ಪಳಗಿದೆ. ಹೆಡ್‌ಮಿಸ್ಟ್ರೆಸ್ ಲಲಿತಮ್ಮ ಮೇಡಂ ಬಾಗಿಲಲ್ಲಿ ನಿಂತು ನೋಡಿ, “ಚಂದ್ರಕುಮಾರ್, ಭೂಮಿಕಾ ಹಂಗೆ ಕೂತಿದ್ದು ನಾನು ನೋಡೇ ಇರ್ಲಿಲ್ಲ. ತರೀಕೆರೆ ಶಿಕ್ಷಕರ ಕಾರ್ಯಾಗಾರದಲ್ಲಿ ನೀವಿದನ್ನ ಹೇಳ್ಲೇಬೇಕು” ಅಂದರು.

ಬೆಲ್ ಹೊಡೆದ ಮೇಲೂ ಹುಡುಗಿ ಏಳುವುದಿಲ್ಲ. ಇನ್ನೊಂದ್ಸಲ ಹಾಕಿ ಎಂದು ಬೆರಳು ಸುತ್ತಿಸಿ ಕೇಳುತ್ತಾಳೆ. ಹಾಕುತ್ತೇನೆ.

ಜುಲೈ 5, ಶನಿವಾರ. ತರೀಕೆರೆ

ಊಟ ಚೆನ್ನಾಗಿತ್ತು. ನನ್ನ ಭಾಷಣವೂ. ಭೂಮಿಕಾ ವಿಡಿಯೋ ನೋಡುತ್ತಿರುವ ಫೋಟೋ ಪರದೆಗೆ ಹಾಕಿ, “ಕಿವಿ ಕೇಳದ ಮಗುವಿಗೂ ಪಾಠ ತಲುಪಿದೆ” ಅಂದೆ. ಚಪ್ಪಾಳೆ. ಮುಂದಿನ ಸಲ ಆ ಮಗುವನ್ನೇ ಕರೆತನ್ನಿ, ಎಲ್ಲರೆದುರು ಒಂದು ಪ್ರಾತ್ಯಕ್ಷಿಕೆ ಆಗಲಿ ಎಂದರು ಕಾರ್ಯಾಗಾರದವರು. ಹೂಂ ಅಂದೆ. ತಲುಪಿದೆ ಎಂದು ನನಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಜುಲೈ 9, ಬುಧವಾರ

ಅಜ್ಜಂಪುರ ಸ್ಟೇಷನ್ ಹೊರಗೆ ತಿಪ್ಪೇಶ್ ತಮ್ಮ ಗೂಡ್ಸ್ ಆಟೋ ನಿಲ್ಲಿಸಿಕೊಂಡು ಕಾಯುತ್ತಿದ್ದರು. ಹಿಂದೆ ತೆಂಗಿನಕಾಯಿ ಲೋಡು. ನನ್ನನ್ನು ಕಂಡವರೇ ಕೈ ಹಿಡಿದುಕೊಂಡರು.

“ಸಾ, ಮಗ್ಳು ಕೈಭಾಷೆ ಕಲ್ತುಬಿಟ್ಲು ಸಾ.”

ಏನು ಎಂದು ತಿಳಿಯಲಿಲ್ಲ. ನಾನೆಲ್ಲಿ ಕೈಭಾಷೆ ಕಲಿಸಿದೆ? ಅವರೇ ಹೇಳುತ್ತ ಹೋದರು. ಅವಳು ಚಿಕ್ಕವಳಿದ್ದಾಗ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಹುಡುಗರು ಕೈಯಲ್ಲೇ ಮಾತಾಡಿಕೊಂಡು ನಗುತ್ತಿದ್ದುದನ್ನು ನೋಡಿದ್ದಳಂತೆ. ಅಪ್ಪನ ಷರಟು ಹಿಡಿದು ಅವರ ಹತ್ತಿರ ಎಳೆದಳಂತೆ. ಅಷ್ಟರಲ್ಲಿ ಬಸ್ಸು ಬಂತು. “ಅವತ್ನಿಂದ ಅದೇ ಆಸೆ ಸಾ. ಮನೇಲಿ ನಮ್ಮವ್ವನೂ ಅವ್ಳೂ ಏನೋ ಸನ್ನೆ ಮಾಡ್ಕತಾರೆ, ಅದು ಮನೆ ಮಟ್ಟಕ್ಕೆ. ಇದು ಓದಿದೋರ ಭಾಷೆ ಅಲ್ವಾ? ದಿನಾ ಸಂಜೆ ಕನ್ನಡಿ ಮುಂದೆ ನಿಂತು ಕಲೀತಾಳೆ. ನೋಡಿ ಇಲ್ಲಿ.”

ಫೋನ್ ತೋರಿಸಿದರು. ಭೂಮಿಕಾ ಯೂನಿಫಾರಂನಲ್ಲಿ, ನೆಟ್ಟಗೆ ನಿಂತಿದ್ದಾಳೆ. ಬಲಗೈ ಮುಂದಕ್ಕೆ. ಎಡಗೈ ಎದೆಯ ಹತ್ತಿರ. ತೋರುಬೆರಳು ಮೇಲಕ್ಕೆ. ಎರಡೂ ಅಂಗೈ ಬಿಚ್ಚಿ ಕೆಳಕ್ಕೆ. ಮತ್ತೆ ಬಲಗೈ ಮುಂದಕ್ಕೆ...

ಟಾಕ್ ಟೂ.

ಒಂದು ಎಳೆಯೂ ತಪ್ಪಿಲ್ಲ. ನಾನು ರೈಲಿನಲ್ಲಿ ಕಣ್ಣುಮುಚ್ಚಿ ಒತ್ತಿದ ಟಾಕ್ ಟೂ. ಅರ್ಥವೇ ಇಲ್ಲದ ಕೈ. ಅವಳು ಪಾಠ ನೋಡುತ್ತಿರಲಿಲ್ಲ, ಆ ಕೈಯನ್ನು ಓದುತ್ತಿದ್ದಳು. ಕೊನೆಗೂ ನನ್ನ ಭಾಷೆ ಆಡುವ ಒಬ್ಬ ಮೇಷ್ಟ್ರು ಬಂದರು ಎಂದುಕೊಂಡಿದ್ದಳು.

“ಇನ್ನು ಸ್ಕೂಲು ಬಿಡ್ಸೋ ಮಾತಿಲ್ಲ ಸಾ” ಅಂದರು ತಿಪ್ಪೇಶ್. ನಾನು ತಲೆ ಆಡಿಸಿದೆ.

ಜುಲೈ 10, ಗುರುವಾರ

ವಿಡಿಯೋ ಹಾಕಲಿಲ್ಲ. ಕರೆಂಟ್ ಇಲ್ಲ ಎಂದೆ. ಫ್ಯಾನು ತಿರುಗುತ್ತಿತ್ತು.

ಜುಲೈ 13, ಭಾನುವಾರ. ಕಡೂರು

ಶ್ರುತಿಗೆ ಹೇಳಿದೆ. ಹುರಳಿಕಾಯಿ ಬಿಡಿಸುತ್ತಿದ್ದವಳು ನಿಲ್ಲಿಸಿದಳು. ಆಮೇಲೆ, “ಆ ಸನ್ನೆಗೆ ನೀವೇ ಒಂದೊಂದು ಅರ್ಥ ಕೊಟ್ಬಿಡಿ. ಬೆರಳು ಮೇಲೆ ಅಂದ್ರೆ ಆವಿ ಅನ್ನಿ. ಯಾರ್ ಕೇಳ್ತಾರೆ?” ಅಂದಳು.

ನಾಚಿಕೆಬಿಟ್ಟು ಬರೆಯುತ್ತೇನೆ — ಅರ್ಧ ದಿನ ಅದನ್ನೇ ಯೋಚಿಸಿದೆ. ಎಷ್ಟು ಸುಲಭ. ಆದರೆ ನೀರಿಗೂ ಅದೇ ಕೈ, ಮಂಜುಗಡ್ಡೆಗೂ ಅದೇ ಕೈ, ‘ನಮಸ್ತೆ ಮಕ್ಕಳೇ’ ಅನ್ನುವುದಕ್ಕೂ ಅದೇ. ಸುಳ್ಳು ಹೇಳುವುದಕ್ಕೂ ಒಂದು ವ್ಯವಸ್ಥೆ ಬೇಕು.

ಹೇಳಿದರೆ? ಮಗಳಿಗೆ ಭಾಷೆ ಬಂತೆಂದು ಅಪ್ಪ ಸ್ಕೂಲಿನಲ್ಲಿ ಬಿಟ್ಟಿದ್ದಾರೆ. ಬರಲಿಲ್ಲವೆಂದರೆ ಮನೆಗೆ ಕರೆದುಕೊಳ್ಳುತ್ತಾರೆ. ಸಂಜೆ ಶ್ರುತಿ ಕಾಫಿ ಕೊಡುತ್ತ, “ಹೇಳ್ಬಿಡಿ. ಆ ತರೀಕೆರೆಯೋರ ಮುಂದೆ ಹುಡ್ಗಿ ಕೈ ಆಡ್ಸಿ ನಗೆಪಾಟಲಾಗೋಕೆ ಮುಂಚೆ ನೀವೇ ಹೇಳಿ” ಅಂದಳು. ಕಾಫಿಗೆ ಸಕ್ಕರೆ ಹಾಕಿರಲಿಲ್ಲ. ಇಬ್ಬರೂ ಗಮನಿಸದೆ ಕುಡಿದೆವು.

ಜುಲೈ 15, ಮಂಗಳವಾರ

ಹೇಳಿದೆ. ಹೇಳಲು ಮಾತಿರಲಿಲ್ಲ, ತೋರಿಸಿದೆ.

ಊಟದ ಬೆಲ್ ಆದ ಮೇಲೆ ಲ್ಯಾಪ್‌ಟಾಪ್ ಅವಳ ಮುಂದೆ ಇಟ್ಟೆ. ಬೊಂಬೆ ಮೇಷ್ಟ್ರು ಒಬ್ಬರೇ. ಹಿಂದೆ ಡ್ಯಾಂ ಇಲ್ಲ, ಪಾಠ ಇಲ್ಲ. ಕೈಗಳ ಪಟ್ಟಿ ತೆರೆದು ಟಾಕ್ ಟೂ ಒತ್ತಿದೆ. ಆಡಿತು. ಹಿನ್ನೆಲೆಗೆ ನೀರು ಹಾಕಿ ಒತ್ತಿದೆ. ಆಡಿತು. ಹಸು ಹಾಕಿ ಒತ್ತಿದೆ. ಅದೇ ಕೈ. ಮೌಸ್ ಅವಳ ಕೈಗೆ ಕೊಟ್ಟೆ. ಅವಳೇ ಒತ್ತಿದಳು. ಮತ್ತೆ ಒತ್ತಿದಳು. ಬೊಂಬೆಗೆ ನೀರು, ಹಸು, ಬೆಂಕಿ ಎಲ್ಲಾ ಒಂದೇ.

ನನ್ನ ಕಡೆ ತಿರುಗಿ ಅಂಗೈ ಮಗುಚಿದಳು. ಇಲ್ಲ? ಏನೂ ಇಲ್ಲ?

ಏನೂ ಇಲ್ಲ ಎಂದು ನಾನೂ ಅಂಗೈ ಮಗುಚಿದೆ. ನನ್ನತ್ತ ಬೆರಳು ಮಾಡಿಕೊಂಡೆ. ತಪ್ಪು ನನ್ನದು. ಕಿವಿ ಹಿಡಿದುಕೊಂಡೆ.

ಅಳಲಿಲ್ಲ. ಅತ್ತಿದ್ದರೆ ಏನಾದರೂ ಮಾಡಬಹುದಿತ್ತು. ತನ್ನ ಎರಡೂ ಕೈ ಒಂದು ಸಲ ನೋಡಿಕೊಂಡಳು. ಆಮೇಲೆ ದುಪಟ್ಟಾದ ಕೆಳಗೆ ಬಚ್ಚಿಟ್ಟುಕೊಂಡಳು. ಸಂಜೆವರೆಗೂ ಹೊರಗೆ ತೆಗೆಯಲಿಲ್ಲ. ನೋಟ್ಸ್ ಕೂಡ ಬರೆಯಲಿಲ್ಲ.

ಜುಲೈ 21, ಸೋಮವಾರ

ಅವತ್ತಿನಿಂದ ಬಂದಿಲ್ಲ. ಮೊದಲ ಬೆಂಚಿನ ಆ ಜಾಗದಲ್ಲಿ ಯಾರೂ ಕೂರುತ್ತಿಲ್ಲ.

ತರೀಕೆರೆ ಕಾರ್ಯಾಗಾರದವರ ಫೋನು. ಪ್ರಾತ್ಯಕ್ಷಿಕೆಗೆ ದಿನ ಗೊತ್ತು ಮಾಡೋಣವೇ ಎಂದರು. ನಾನು ಹೇಳಿದ್ದು ತಪ್ಪು, ಆ ಮಗುವಿಗೆ ಪಾಠ ತಲುಪಿಲ್ಲ ಎಂದೆ. “ಹಂಗಾದ್ರೆ ಬೇರೆ ಮಗು ಇದ್ಯಾ?” ಅಂದರು. ಇಟ್ಟುಬಿಟ್ಟೆ.

ಲಲಿತಮ್ಮ ಮೇಡಂಗೆ ಎಲ್ಲಾ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. “ನಾನೂ ಬಾಗ್ಲಲ್ಲಿ ನಿಂತು ಮೆಚ್ಕೊಂಡೆನಲ್ಲ” ಅಂದರು. ವಿಶೇಷ ಶಿಕ್ಷಕರೊಬ್ಬರನ್ನು ಕಳಿಸಿ ಎಂದು ಇಲಾಖೆಗೆ ಬರೆಯುತ್ತಾರಂತೆ. ಬರುವವರೆಗೆ? “ಬರೋವರ್ಗೂ ನೀವೇ.”

ಜುಲೈ 23, ಬುಧವಾರ

ಸಂಜೆ ಅವರ ಮನೆಗೆ ಹೋದೆ. ತಿಪ್ಪೇಶ್ ಅಂಗಳದಲ್ಲಿ ಆಟೋ ತೊಳೆಯುತ್ತಿದ್ದರು. ಬನ್ನಿ ಎನ್ನಲಿಲ್ಲ.

“ಸುಮ್ನಿದ್ದಿದ್ರೆ ಏನಾಗ್ತಿತ್ತು ಸಾ? ಖುಷಿಯಾಗಿತ್ತು ಕೂಸು.”

“ಖುಷಿಯಾಗಿತ್ತು, ಹೌದು. ಆದ್ರೆ ಎಸ್‌ಎಸ್‌ಎಲ್‌ಸಿವರ್ಗೂ ಅದನ್ನೇ ಕಲ್ತಿದ್ರೆ?”

“ಅವಾಗ ನೋಡ್ಕೊಬೋದಿತ್ತು ಬಿಡಿ.” ಬಕೆಟ್ ನೆಲಕ್ಕೆ ಕುಕ್ಕಿದರು. “ಕೈ ಆಡ್ಸೋದನ್ನೇ ಬಿಟ್ಟವ್ಳೆ ಸಾ. ಅವ್ವನ ಹತ್ರಾನೂ ಮಾತಿಲ್ಲ.”

ಇದ್ದ ಮಾತನ್ನೂ ಕಿತ್ತುಕೊಂಡೆ.

ಒಳಗೆ ಒಲೆ ಮುಂದೆ ಅಜ್ಜಿ ಮಾರಮ್ಮ. ಗೋಡೆಗೆ ಒರಗಿ ಭೂಮಿಕಾ, ಕೈ ಮಡಿಲಲ್ಲಿ. ನನ್ನನ್ನು ನೋಡಿ ಮುಖ ತಿರುಗಿಸಿದಳು. ನೆಟ್ಟಗೆ ನಿಂತು ಟಾಕ್ ಟೂ ಶುರುಮಾಡಿದೆ. ಬಲಗೈ ಮುಂದೆ, ಬೆರಳು ಮೇಲೆ, ಕಣ್ಣು ಬೊಂಬೆಯ ಹಾಗೆ ಅಗಲ. ಬಾಗಿಲಲ್ಲಿ ತಿಪ್ಪೇಶ್ ಬಂದು ನಿಂತದ್ದು ಗೊತ್ತಾಯಿತು. ಮಾನ ಹೋದರೆ ಹೋಗಲಿ. ಮತ್ತೆ ಮೊದಲಿಂದ ಮಾಡಿದೆ.

ಮೂರನೇ ಸಲಕ್ಕೆ ಎದ್ದು ಬಂದು ನನ್ನ ಎಡಗೈ ಹಿಡಿದು ಎದೆಯ ಹತ್ತಿರ ಇಟ್ಟಳು. ಬೆರಳಿಗೆ ಮುಂಚೆ ಎಡಗೈ. ನಾನು ತಪ್ಪು ಮಾಡುತ್ತಿದ್ದೆ! ಮಾರಮ್ಮ, “ಅಯ್ಯೋ, ಇದೇನ್ ಮೇಷ್ಟ್ರೇ ಹಿಂಗ್ ಕುಣೀತೀರಿ” ಎಂದು ನಕ್ಕುಬಿಟ್ಟರು. ಅಜ್ಜಿ ನಗುವುದನ್ನು ನೋಡಿ ಮೊಮ್ಮಗಳೂ ನಕ್ಕಳು.

ಒಲೆ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು. ಹಬೆ ತೋರಿಸಿ ಅಂಗೈ ಮಗುಚಿದೆ — ಇದಕ್ಕೆ ಏನಂತೀಯ? ಯೋಚಿಸಿದಳು. ಒಂದು ಕೈ ತಟ್ಟೆಯ ಹಾಗೆ ಚಪ್ಪಟೆ ಮಾಡಿ, ಇನ್ನೊಂದು ಕೈಯ ಬೆರಳುಗಳನ್ನು ಅದರ ಅಂಚಿನಿಂದ ನಿಧಾನಕ್ಕೆ ಬಿಡಿಸುತ್ತ ಮೇಲಕ್ಕೆ ಒಯ್ದಳು. ಆವಿ. ನೋಡಿದರೆ ಸಾಕು, ಗೊತ್ತಾಗುತ್ತದೆ. ನಾನೂ ಮಾಡಿದೆ. ತಲೆ ಅಲ್ಲಾಡಿಸಿ ತಿದ್ದಿದಳು.

ಹೊರಡುವಾಗ ತಿಪ್ಪೇಶ್ ಸ್ಟೇಷನ್‌ಗೆ ಬಿಟ್ಟರು. “ದಸರಾ ರಜೆವರ್ಗೂ ನೋಡ್ತೀನಿ ಸಾ. ಅಷ್ಟರಲ್ಲಿ ಏನಾರ ಒಂದು ನಿಜವಾಗ್ಲೂ ಕಲ್ತಿರ್ಬೇಕು. ಇಲ್ಲ ಅಂದ್ರೆ ಮನೇಲಿರ್ಲಿ.”

ಜುಲೈ 28, ಸೋಮವಾರ

ಗುರುವಾರವೇ ಬಂದಳು.

ಹಳೆಯ ವಿಡಿಯೋ ಬಿಚ್ಚಿ ಕೂತೆವು. ಪಟ್ಟಿಯಲ್ಲಿ ಕೊನೆಗೆ ‘ಸ್ಟ್ಯಾಂಡ್’ ಎಂದಿದೆ, ಸುಮ್ಮನೆ ನಿಲ್ಲುವುದು. ಅವಳೇ ಒತ್ತಿದಳು. ಬೊಂಬೆ ಮೇಷ್ಟ್ರು ಕೈ ಇಳಿಬಿಟ್ಟು ಬಾಯಿ ಮಾತ್ರ ಆಡಿಸುತ್ತಾರೆ. ಮೂಲೆಯಲ್ಲಿ ಒಂದು ಚೌಕ, ಅದರಲ್ಲಿ ಭೂಮಿಕಾಳ ಕೈ. ಫೋನಿನಲ್ಲಿ ಹಿಡಿದದ್ದು. ಅವಳಿಗೆ ಒಂದೊಂದು ವಿಷಯ ತಿಳಿಯಲು ಬಿಸಿನೀರು, ಒದ್ದೆ ಬಟ್ಟೆ, ಬಿಸಿಲು, ಎಲ್ಲಾ ಸ್ಕೂಲಿನ ಅಂಗಳಕ್ಕೆ ಬಂದವು. ತಿಳಿದ ಮೇಲೆ ಕೈ ತಾನೇ ಹೇಳುತ್ತದೆ. ಆ ಬಸ್‌ಸ್ಟ್ಯಾಂಡ್ ಹುಡುಗರ ಕೈಭಾಷೆಯ ಪಾಠಗಳೂ ನೆಟ್‌ನಲ್ಲಿ ಸಿಕ್ಕಿವೆ. ಅದನ್ನು ಇಬ್ಬರೂ ಕಲಿಯುತ್ತಿದ್ದೇವೆ. ನಾನು ದಡ್ಡ ವಿದ್ಯಾರ್ಥಿ.

ನನಗೊಂದು ಹೆಸರಿಟ್ಟಿದ್ದಾಳೆ. ಮೂಗಿನ ಮೇಲೆ ಕನ್ನಡಕ ಏರಿಸುವ ಬೆರಳು.

ಆಗಸ್ಟ್ 6, ಬುಧವಾರ. ರೈಲಿನಲ್ಲಿ

ಇವತ್ತು ಹೊಸ ವಿಡಿಯೋ ಹಾಕಿದೆ. ಮಕ್ಕಳೆಲ್ಲ ‘ಆವಿ’ಯನ್ನು ಕೈಯಲ್ಲಿ ಹೇಳುತ್ತಾರೆ ಈಗ. ಮುಗಿದ ಮೇಲೆ ಭೂಮಿಕಾ ಎದ್ದು ನಿಂತಳು. ಮತ್ತೊಂದ್ಸಲ ಹಾಕಿ ಅನ್ನುತ್ತಾಳೆ ಎಂದುಕೊಂಡು ಕೈ ಮೌಸ್‌ಗೆ ಹೋಯಿತು. ಅಲ್ಲ. ಇಲ್ಲದ ಕನ್ನಡಕ ಏರಿಸಿ ನನ್ನ ಹೆಸರು ಕರೆದಳು. ಆವಿ, ಮೇಲಕ್ಕೆ, ಇನ್ನೂ ಮೇಲಕ್ಕೆ, ತುದಿಗಾಲಲ್ಲಿ ನಿಂತು ತಲೆಗಿಂತ ಮೇಲಕ್ಕೆ. ಅಲ್ಲಿ ಕೈ ನಿಲ್ಲಿಸಿ, ಕಿಟಕಿಯಾಚೆಯ ಕೆರೆ ತೋರಿಸಿ ಅಂಗೈ ಮಗುಚಿದಳು.

ಆಮೇಲೆ? ಮೇಲೆ ಹೋದದ್ದು ಹೋಗುತ್ತಲೇ ಇರುತ್ತದಾ? ಹಾಗಾದರೆ ಕೆರೆ ಯಾಕೆ ಇನ್ನೂ ಇದೆ?

ಪ್ರಶ್ನೆ. ಒಂಬತ್ತು ವರ್ಷದ ಓದಿನಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ. ನನಗೆ ಕಣ್ಣು ತುಂಬಿತು, ಕಿಟಕಿ ಕಡೆ ತಿರುಗಿಕೊಂಡೆ. ತಿಪ್ಪೇಶ್ ಅಲ್ಲಿರಬೇಕಿತ್ತು.

ಉತ್ತರ ಗೊತ್ತು. ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ಕೈ ಎತ್ತಿದೆ, ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ನಾಳೆ ಹೇಳುತ್ತೇನೆ ಎಂದೆ. ಮರೀಬೇಡಿ ಎಂದು ಬೆರಳು ಅಲ್ಲಾಡಿಸಿದಳು.

ಮೇಲೆ ಹೋಗುವುದು ಕೈಯಲ್ಲಿ ಬರುತ್ತದೆ. ಹನಿ ಬರುತ್ತದೆ. ನಡುವೆ ತಂಪಾಗಬೇಕಲ್ಲ, ಅದು ಬರುತ್ತಿಲ್ಲ. ಎರಡೂ ತೋಳು ತಬ್ಬಿ ನಡುಗಿ ನೋಡಿದೆ. ಎದುರು ಸೀಟಿನ ಅಜ್ಜಿ, “ಜ್ವರ ಏನಪ್ಪಾ?” ಎಂದು ತಮ್ಮ ಶಾಲು ಬಿಚ್ಚಿದರು. ಅಂದರೆ ಅದು ಚಳಿ. ಚಳಿಯಲ್ಲ, ತಂಪು ಬೇಕು. ಕೈಯನ್ನು ಹೀಗೆ ಕೆನ್ನೆಗೆ ತಂದು, ನಿಧಾನವಾಗಿ —