ಮೂವರಿಗೆ ಬುಕ್ ಆದ ಮನೆ

ಎಚ್.ಡಿ. ಕೋಟೆ
ಸೋಮವಾರ

ಉಮಾಶಂಕರ ಅವರಿಗೆ ಹೋಂಸ್ಟೇ ರಾಣಿಯ ನಮಸ್ಕಾರ.

ನಿನ್ನೆ ಖರ್ಚಾದದ್ದು: ಹದಿನಾಲ್ಕು ತಟ್ಟೆ ಉಪ್ಪಿಟ್ಟು, ಎರಡು ಟ್ಯಾಂಕ್ ನೀರು, ನನ್ನ ನೆಮ್ಮದಿ. ಮನೆ ಬುಕ್ ಆಗಿದ್ದು ಮೂವರಿಗೆ. ಉಳಿದ ಹನ್ನೊಂದು ಜನ ನಿಮ್ಮ ಮಗಳು ಚೈತ್ರಾಳನ್ನು ನೋಡಲು ಬಂದ ಗಂಡಿನ ಕಡೆಯವರೆಂದೂ, ಅವರಿಗೆ ನನ್ನ ಮನೆಯನ್ನೇ ನಿಮ್ಮದೆಂದು ತೋರಿಸುತ್ತಿದ್ದೀರೆಂದೂ ಕಾಫಿ ಕೊಡುವಾಗ ತಿಳಿಯಿತು. ನನ್ನನ್ನು ಅಡುಗೆಯವಳು ಎಂದಿರಿ. ಹುಡುಗಿಯ ಹೆದರಿದ ಮುಖ ನೋಡಿ ಅಡುಗೆಯವಳೇ ಆದೆ.

ಹುಡುಗನ ತಾಯಿ ಒಳಗೆ ಬಂದು, "ಏನವ್ವಾ, ಈ ಮನೆ ಇವರ್ದೇಯಾ?" ಎಂದರು.

"ಇವತ್ತು ಇವರ್ದೇ ಕಣವ್ವ" ಎಂದೆ. ಅವರು ನಕ್ಕು ಹೋದರು. ನನಗೆ ಆಗಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ.

ಹೆಚ್ಚುವರಿ ಬಾಡಿಗೆ ಬೇಡ. ನಿಶ್ಚಿತಾರ್ಥಕ್ಕೆ ಮೊದಲು ನೀವೇ ನಿಜ ಹೇಳಿ. ಅವರು ಮತ್ತೆ ಕೇಳಿದರೆ ನಾನು ಮುಚ್ಚಿಡಲಾರೆ.

ಸದ್ಯಕ್ಕೆ ನಿಮಗೆ ಬೀಗರು ಸಿಕ್ಕರು, ಅವರಿಗೆ ಸೊಸೆ ಸಿಕ್ಕಳು, ನನಗೆ ತೊಳೆಯುವ ಪಾತ್ರೆ ಸಿಕ್ಕಿತು. ಚೈತ್ರಾಳಿಗೆ ಸಿಕ್ಕಿದ್ದು ಭಯ ಮಾತ್ರ.

ಇಂತಿ,
ರಾಣಿ