ಧೂಳು ಬೊಟ್ಟಿಡುವುದಿಲ್ಲ

ಸದ್ದುಗಣಿ, ಕೋಲಾರ
ಕ್ರಿ.ಶ. ೨೩೧೪, ಹದಿಮೂರನೆಯ ತಿಂಗಳು, ಎರಡನೆಯ ದಿನ

ಉರಿಗಾಂನ ವನಮಾಲಾ ಅವರಿಗೆ,

ನಮಸ್ಕಾರ. ನೀವು ೧೯೭೪ರಲ್ಲಿದ್ದೀರಿ, ನನ್ನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗದು. ನಾವು ತಿಂಗಳುಗಳನ್ನು ಚಿಕ್ಕದು ಮಾಡಿ ಒಂದನ್ನು ಹೆಚ್ಚಿಗೆ ಸೇರಿಸಿಕೊಂಡಿದ್ದೇವೆ. ಸಾಹಿತ್ಯ ಓದಿದವಳಾದರೂ ನಿಮ್ಮ ಕಾಲದ ಮಾತನ್ನು ಪುಸ್ತಕಗಳಿಂದಷ್ಟೇ ಕಲಿತವಳು ನಾನು. ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮೂರಿನ ಚಿನ್ನದ ಗಣಿಯ ಸುರಂಗಗಳಲ್ಲಿ ಈಗ ಹಳೆಯ ರೆಕಾರ್ಡುಗಳನ್ನು ಕಾಪಾಡುತ್ತೇವೆ. ಅದಕ್ಕೇ ಇದು ಸದ್ದುಗಣಿ. ಧೂಳಿನ ಬಿರುಗಾಳಿಗಳನ್ನು ದಾಟಿ ಬಂದ ಜನ ನಾವು. ಒಳಗೆ ಬರುವ ಪ್ರತಿ ವಸ್ತುವನ್ನೂ ಒರೆಸುವುದು ನಮ್ಮಲ್ಲಿ ಕೆಲಸಕ್ಕಿಂತ ಹೆಚ್ಚಾಗಿ ವ್ರತ. ಬಿಸಿಲಿನ ಝಳಕ್ಕೆ ಹೆದರಿ ಹೊಳೆಯುವುದನ್ನು ಯಾರೂ ತೊಡುವುದಿಲ್ಲ. ಮಿನುಗುವುದೆಲ್ಲ ನಮಗೆ ಲೋಹದ ಧೂಳು.

ನಿಮ್ಮ ಕಾಲದ ಬ್ರಿಟನ್ನಿನ ಗ್ಲ್ಯಾಮ್ ರಾಕ್ ಎಂಬ ಸಂಗೀತದ ವಿಭಾಗ ನನ್ನದು. ಟಿನ್ ಪೀಕಾಕ್ ಎಂಬ ತಂಡ ಹೊರತಂದದ್ದು ಮೂರೇ ಆಲ್ಬಂ. ಮೊದಲನೆಯದರ ಕವರಿನ ಮೇಲೆ ಗಾಯಕನ ಮುಖವಿದೆ. ನಮ್ಮ ಹಿರಿಯರು ಅದನ್ನು ಎಷ್ಟು ಉಜ್ಜಿದ್ದರೆಂದರೆ ಅವನು ಜ್ವರದಿಂದ ಎದ್ದವನಂತೆ ಕಾಣುತ್ತಾನೆ. ಅದನ್ನು ನೋಡಿ, ತಂಡದವರು ಸರಳ ಜೀವನದ ಪ್ರಚಾರಕರಾಗಿದ್ದರು ಎಂದು ನಮ್ಮ ಇತಿಹಾಸದಲ್ಲಿ ಬರೆದಿದೆ. ಮೂರನೆಯದರಲ್ಲಿ ಮುಖವೇ ಇಲ್ಲ, ಬೂದು ಗೋಡೆಯಷ್ಟೇ; ರೆಕಾರ್ಡಿನ ಒಂದಿಡೀ ಬದಿ ಕಾರ್ಖಾನೆಯ ಸದ್ದು, ನಡುವೆ ಒಂಟಿ ಪಿಯಾನೊ. ಎರಡನೆಯದು ನಮ್ಮಲ್ಲಿರಲಿಲ್ಲ.

ಮೊನ್ನೆ ಉರಿಗಾಂನಲ್ಲಿ ಕುಸಿದ ಮನೆಯೊಂದರ ತಗಡಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಕವರಿನ ಮೂಲೆಯಲ್ಲಿ ನಿಮ್ಮ ಹೆಸರೂ ೧೯೭೪ ಎಂಬ ಇಸವಿಯೂ ಇವೆ. ಅದೇ ಗಾಯಕ, ಆದರೆ ರೆಪ್ಪೆಗಳ ಮೇಲೆ ಬೆಳ್ಳಿಯ ಪುಡಿ, ಹಣೆಯ ಮೇಲೆ ಅದೇ ಪುಡಿಯ ಒಂದು ಬೊಟ್ಟು. ಒಳಗೆ ಹರಿದ ಖಾಲಿ ಪೊಟ್ಟಣ.

ಒರೆಸುವವರಲ್ಲಿ ಹಿರಿಯರಾದ ಗಂಗುಲಕ್ಕ ಬಟ್ಟೆ ಹಿಡಿದು ಬಂದರು.

"ಏನಮ್ಮಿ, ಧೂಳು ನೋಡ್ಕೊಂಡು ಪದ್ಯ ಕಟ್ತಾ ಇದ್ದೀಯಾ? ಕೊಡಿಲ್ಲಿ."

ನಾಲ್ಕು ಜನರೆದುರು ಬಾಯಿ ಬಿಡುವವಳಲ್ಲ ನಾನು. ಆದರೂ ಕವರಿಗೆ ಕೈ ಅಡ್ಡ ಹಿಡಿದೆ.

"ಅಕ್ಕಾ, ಧೂಳು ಎಲ್ಲಾದ್ರೂ ಬೊಟ್ಟಿಡುತ್ತಾ?"

ಅವರು ಬಗ್ಗಿ ನೋಡಿದರು. "ಅಯ್ಯ, ಗಂಡಸ್ಗೆ ಬೊಟ್ಟಾ! ಯಾವಳಪ್ಪಾ ಇವ್ನ್ಗೆ ಸಿಂಗಾರ ಮಾಡ್ದೋಳು?" ಎಂದು ಜೋರಾಗಿ ನಕ್ಕರು. ಆಮೇಲೆ ಬಟ್ಟೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನಾಳೆಗಂಟ ಇರ್ಲಿ. ಮಂಡ್ಳಿ ಒರ್ಸು ಅಂದ್ರೆ ಮಾತ್ರ ನನ್ನ ಕೇಳ್ಬೇಡ."

ನನ್ನ ಊಹೆ ಹೀಗಿದೆ. ತಂಡದವರು ಬೋಳು ಮುಖವನ್ನು ಅಚ್ಚು ಹಾಕಿಸಿ, ಜೊತೆಗೆ ಪುಡಿಯ ಪೊಟ್ಟಣವಿಟ್ಟು, ಸಿಂಗಾರವನ್ನು ಕೊಂಡವರಿಗೇ ಬಿಟ್ಟಿರಬೇಕು. ಹಾಗಿದ್ದರೆ ಆ ಆಲ್ಬಂನ ಒಂದು ಪ್ರತಿಯಂತೆ ಇನ್ನೊಂದಿರಲಿಲ್ಲ. ಬೇರೆ ಊರುಗಳಲ್ಲಿ ಯಾರು ಏನು ಹಚ್ಚಿದರೋ ತಿಳಿಯದು. ನೀವು ಮಾತ್ರ ನಿಮ್ಮ ಕನ್ನಡಿಯೆದುರು ದಿನವೂ ಮಾಡುವುದನ್ನೇ ಅವನಿಗೂ ಮಾಡಿದಿರಿ. ಏನನ್ನು ಒರೆಸಬೇಕು, ಏನನ್ನು ಉಳಿಸಬೇಕು ಎಂದು ತೀರ್ಮಾನಿಸುವ ನಮ್ಮ ಮಂಡಳಿ ಇದನ್ನು ಒಪ್ಪುತ್ತಿಲ್ಲ. ಪೊಟ್ಟಣದಲ್ಲಿದ್ದದ್ದು ಔಷಧವಂತೆ, ಬೊಟ್ಟು ಆಕಸ್ಮಿಕವಂತೆ. ಮನುಷ್ಯರ ಕೈ ಹಚ್ಚಿದ್ದೆಂಬುದಕ್ಕೆ ಗುರುತು ಬೇಕಂತೆ.

ನಮ್ಮಲ್ಲಿ ಹೊಸದಾಗಿ ಬಂದ ವಸ್ತುವನ್ನು ಮಂಡಳಿಯ ಮುಂದಲ್ಲದೆ ಮಗುಚುವಂತಿಲ್ಲ. ಹಾಗಾಗಿ ಕವರಿನ ಹಿಂಬದಿಯನ್ನು ನಾನಿನ್ನೂ ನೋಡಿಲ್ಲ. ನಾಳೆ ಬೆಳಗ್ಗೆ ಗಂಗುಲಕ್ಕನೇ ಅದನ್ನು ಮಗುಚುತ್ತಾರೆ.

ಆದ್ದರಿಂದ ನಿಮ್ಮಲ್ಲೊಂದು ಕೋರಿಕೆ. ಬೊಟ್ಟಿಟ್ಟಾದ ಮೇಲೆ ಸೀರೆಗೋ ಲಂಗಕ್ಕೋ ಕೈ ಒರೆಸಿಕೊಳ್ಳಬೇಡಿ. ಬೆರಳಿಗೆ ಪುಡಿ ಅಂಟಿರುವಾಗಲೇ ಕವರನ್ನು ಎತ್ತಿ ಹಿಡಿದು, ಅವನು ಚೆನ್ನಾಗಿ ಕಾಣುತ್ತಾನೋ ಇಲ್ಲವೋ ನೋಡಿ. ಬೊಟ್ಟು ಚೂರು ಎಡಕ್ಕೆ ಸರಿದಿದೆ; ಇರಲಿ ಬಿಡಿ. ಹಿಂಬದಿಯಲ್ಲಿ ನಿಮ್ಮ ಬೆರಳಿನ ಗುರುತು ಮೂಡಿರಲಿ. ನಾಳೆ ನಾನು ಅದನ್ನೇ ಹುಡುಕುತ್ತೇನೆ.

ನಿಮ್ಮವಳು,
ಮೊಲ್ಲೆ