ರಾಯ್ಸ್‌ನ ತಲೆಯ ಮೇಲಿನ ದಾರಿ

ಜುಲೈ 9
ಬೆಳಗ್ಗೆ ಮತ್ತೆ ಗುಡ್ಡ ಹತ್ತಿದೆ. ರಸ್ತೆಯ ಗುರುತಿಗೆಂದು ನಿನ್ನೆ ಮರಗಳಿಗೆ ಕಟ್ಟಿದ್ದ ಗುಲಾಬಿ ಪಟ್ಟಿಗಳಲ್ಲಿ ಅರ್ಧ ಮಾಯ. ಹಸುಗಳು ತಿಂದಿವೆ. ಸರ್ಕಾರಿ ಕಾಡಿನಲ್ಲಿ ಹುಲ್ಲು ಮೇಯಲು ಅವಕ್ಕೆ ಪರ್ಮಿಟ್ ಉಂಟು ಸರಿ, ನನ್ನ ರಸ್ತೆ ಮೇಯಲು ಯಾರು ಕೊಟ್ಟರೋ! ಬೈದುಕೊಂಡು ಮತ್ತೆ ಕಟ್ಟಿದೆ.

ಮೇಲೆ ಐದು ಬಾವಿ ಕೊರೆಯಬೇಕು — ಕೆಳಗಿನ ಕಲ್ಲಿದ್ದಲು ಗಣಿಯಲ್ಲಿ ತುಂಬುವ, ಕಿಡಿ ತಗುಲಿದರೆ ಸಿಡಿಯುವ ಮೀಥೇನ್ ಅನಿಲವನ್ನು ಹೀರಿ ತೆಗೆಯಲು. ಬಾವಿಗೆ ಯಂತ್ರ, ಯಂತ್ರಕ್ಕೆ ರಸ್ತೆ, ರಸ್ತೆಗೆ ಅರಣ್ಯ ಇಲಾಖೆಯ ನಾನು. ಹಿಮ ಬೀಳುವ ಮೊದಲು ಮುಗಿಯಬೇಕು. ಕಲ್ಲಿದ್ದಲು ಅಗೆಯುವವರು ಆಗಲೇ ಗುಡ್ಡದಡಿಗೆ ಬಂದಾಗಿದೆ. ಅವರಲ್ಲಿ ಒಬ್ಬ ನನ್ನ ಗಂಡ ರಾಯ್ಸ್.

ಊಟವಾದ ಮೇಲೆ ಆಸ್ಪೆನ್ ಮರಗಳ ಕೆಳಗೆ ಮಲಗಿದೆ. ಗಾಳಿಯೇ ಇಲ್ಲ, ಎಲೆಗಳು ಮಾತ್ರ ನಡುಗುತ್ತಲೇ ಇವೆ. ಈ ಹೊತ್ತಿಗೆ ರಾಯ್ಸ್ ನನ್ನ ಬೆನ್ನ ಕೆಳಗೇ ಎಲ್ಲೋ ನಡೆಯುತ್ತಿರಬೇಕು, ಬಹಳ ಆಳದಲ್ಲಿ, ಹಣೆಗೆ ದೀಪ ಕಟ್ಟಿಕೊಂಡು... ನೆಲಕ್ಕೆ ಕಿವಿಯಿಟ್ಟೆ. ಇರುವೆ ಕಚ್ಚಿತು.

ಜುಲೈ 11
ರಸ್ತೆಯ ಗೆರೆ ಮಾವನ ಬೇಟೆ ಕ್ಯಾಂಪಿಗೆ ಬಂದು ಮುಟ್ಟಿತು.

ಇಲ್ಲಿ ಒಂದೊಂದು ಮನೆಗೂ ಎಲ್ಕ್ ಜಿಂಕೆಯ ಬೇಟೆಗೆ ಒಂದೊಂದು ಜಾಗ. ಯಾವ ಕಾಗದದಲ್ಲೂ ಇಲ್ಲ. ಆದರೂ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಗುಡಾರ ಹೂಡುವುದಿಲ್ಲ. ಮಾವ ವೆಂಡೆಲ್ ಎರಡು ಮರಗಳ ನಡುವೆ ಹಲಗೆ ಹೊಡೆದು ಮೇಜು ಮಾಡಿದ್ದರು. ಹೋದ ವಸಂತದಲ್ಲಿ ಅವರ ಬೂದಿಯನ್ನು ಅಲ್ಲೇ ಚೆಲ್ಲಿದೆವು — ರಾಯ್ಸ್, ಅತ್ತೆ, ನಾನು. ಇಲಾಖೆಗೆ ತಿಳಿಸಲಿಲ್ಲ. ಇಲಾಖೆ ಎಂದರೆ ನಾನೇ ತಾನೇ.

ಇಳಿಜಾರು, ಗಟ್ಟಿ ನೆಲ, ತಿರುವು, ಎಲ್ಲ ನೋಡಿದರೂ ರಸ್ತೆ ಸರಿಯಾಗಿ ಮೇಜಿನ ಮೇಲೆಯೇ ಹೋಗುತ್ತದೆ. ಪಟ್ಟಿ ಕಟ್ಟಿದೆ. ಮನೆಯಲ್ಲಿ ಬಾಯಿ ಬಿಡಲಿಲ್ಲ.

ಜುಲೈ 19
ಗುಟ್ಟು ಉಳಿದೀತೇ! ಸೌದೆ ತರಲು ಹೋಗಿದ್ದ ರಾಯ್ಸ್‌ನ ಕಣ್ಣಿಗೇ ಬಿತ್ತು. ಪಟ್ಟಿಗಳನ್ನು ಅಡುಗೆಮನೆಯ ಮೇಜಿನ ಮೇಲೆ ಎಸೆದ.

“ಅಪ್ಪನ ಎದೆ ಮೇಲೆ ಟ್ರಕ್ ಓಡಿಸ್ತೀಯೇನೇ, ನಡೀನ್?”

“ಆ ಟ್ರಕ್ ಬರ್ದಿದ್ರೆ ನಿನ್ನ ಎದೇಗೆ ಗಾಳಿ ಇರಲ್ಲ ಕಣೋ.”

“ನನ್ ಎದೆ ವಿಷಯ ನಂಗ್ಬಿಡು. ದಾರಿ ತಿರುಗ್ಸು. ಇಷ್ಟು ದೊಡ್ಡ ಗುಡ್ಡದಲ್ಲಿ ನಿಂಗೆ ಬೇರೆ ಜಾಗಾನೇ ಸಿಗ್ಲಿಲ್ವಾ?”

ಇಪ್ಪತ್ತು ವರ್ಷದಲ್ಲಿ ಅವನು ನನ್ನನ್ನು ಏನಾದರೂ ಕೇಳಿದ್ದೇ ಕಡಿಮೆ. ಅಳು ಬಂತು. ಅವನಿಗೂ ಬಂದಿತ್ತು, ಫ್ರಿಜ್ ತೆರೆದು ಮುಖ ಮರೆಸಿಕೊಂಡ.

ಆಗಸ್ಟ್ 2
ತಿರುಗಿಸಿದೆ. ಕೆಳಗಿನ ಜೌಗಿನ ಅಂಚಿನಲ್ಲಿ ಹೊಸ ಗೆರೆ. ಹಳೇ ಗೆರೆಯ ಹತ್ತಿರ ಎಲ್ಕ್ ಮರಿ ಹಾಕುವ ಜಾಗವಿದೆ ಎಂದು ನನ್ನ ಸಾಹೇಬ ಹೋಲಿಸ್‌ಗೆ ನೆಪ ಹೇಳಿದೆ. ಅವನಿಗೆ ನಗು.

“ಆ ಕೆಸರಲ್ಲಿ ಬುಲ್ಡೋಜರ್ ಇಳಿಸಿದ್ರೆ ಕ್ರಿಸ್‌ಮಸ್‌ಗೆ ಹಗ್ಗ ಹಾಕಿ ಎಳೀಬೇಕಾಗತ್ತೆ, ಅಮ್ಮಾ ತಾಯಿ.”

ಮಣ್ಣು ಪರೀಕ್ಷೆಗೆ ಹೋಯಿತು. ಕಾಯಬೇಕು. ರಾತ್ರಿ ರಾಯ್ಸ್ ತಾನೇ ಮಾಂಸ ಸುಟ್ಟು ಬಡಿಸಿದ. ಕನಸಿನಲ್ಲಿ ಮಾವ ಆಸ್ಪೆನ್ ಬೇರುಗಳ ನಡುವೆ ಕೂತು ಇಸ್ಪೀಟು ಕಲಸುತ್ತಿದ್ದರು. ನಾನು ಅವರ ಎಲೆ ಇಣುಕಿ ನೋಡಿದರೆ ಎಲ್ಲವೂ ಹಳದಿ ಎಲೆಗಳೇ.

ಆಗಸ್ಟ್ 23
ರಾಯ್ಸ್ ಮಧ್ಯಾಹ್ನಕ್ಕೇ ಬಂದುಬಿಟ್ಟ. ಪಿಕಪ್ಪಿನಿಂದ ಇಳಿಯಲಿಲ್ಲ. ಮೈತುಂಬ ಮಸಿ. ನಾನೇ ಹೋಗಿ ಪಕ್ಕ ಕೂತೆ.

“ಗ್ಯಾಸ್ ಏರ್ತು. ಮಷೀನ್ ತಾನಾಗೇ ನಿಂತ್ಹೋಯ್ತು. ಎಲ್ರನ್ನೂ ಓಡ್ಸಿದ್ರು ಹೊರಗೆ.” ಮುಖದ ಮಸಿ ಒರೆಸಿಕೊಂಡು, “ಈ ವಾರ ಇದು ಎರಡನೇ ಸಲ. ಮೊದಲ್ನೇದು ನಿಂಗೆ ಹೇಳಿರ್ಲಿಲ್ಲ.”

ಕೈ ಹಿಡಿದುಕೊಂಡೆ. ಬಾವಿಗಳನ್ನು ತಡಮಾಡಿದ ಕೆಸರಿನ ದಾರಿ ಗೀಚಿದ್ದು ನನ್ನ ಈ ಕೈಯೇ.

ಸಂಜೆ ಅತ್ತೆ ಐಡೆಲ್ಲಾ ಪೀಚ್ ಹಣ್ಣಿನ ಪೈ ಹಿಡಿದು ಬಂದರು. ಅವರಿಗೆ ಎಲ್ಲ ಗೊತ್ತಾಗಿತ್ತು, ಊರೆಂದರೆ ಅಷ್ಟೇ.

“ಆ ಮುದುಕ ಬದುಕಿದ್ದಾಗ ಒಂದು ಎಲ್ಕ್ ಹೊಡೀಲಿಲ್ಲ, ಆ ಮೇಜಿನ ಮೇಲೆ ಬರೀ ಬಿಯರ್ ಕುಡ್ದ,” ಎಂದರು. ಆಮೇಲೆ ಮಗನ ಕಡೆ ತಿರುಗಿ, “ಬೂದಿಗೆ ಉಸಿರು ಬೇಕಿಲ್ಲ ಕಣಪ್ಪ. ನಿಂಗೆ ಬೇಕು.”

ರಾಯ್ಸ್ ಪೈ ಮುಟ್ಟಲಿಲ್ಲ. “ಹಳೇ ಗೆರೆನೇ ಇರ್ಲಿ” ಎಂದ, ನನ್ನನ್ನು ನೋಡದೆ.

ಸೆಪ್ಟೆಂಬರ್ 12
ಬುಲ್ಡೋಜರ್ ಕ್ಯಾಂಪ್ ದಾಟಿತು. ಮೊದಲೇ ಹೋಗಿ ಮೇಜಿನ ಮೊಳೆ ಕಿತ್ತವನು ರಾಯ್ಸ್. ಹಲಗೆಗಳು ಈಗ ಗ್ಯಾರೇಜಿನಲ್ಲಿ. ಎರಡೂ ಮರ ಉರುಳಿದವು, ಒಳಗೆ ಬೆಳ್ಳಗೆ ಒದ್ದೆ. ನಾನು ಅಲ್ಲಿ ನಿಂತು ಡ್ರೈವರನಿಗೆ ಕೈ ತೋರಿಸುತ್ತಿದ್ದೆ, ಸ್ವಲ್ಪ ಎಡಕ್ಕೆ, ಸಾಕು.

ಅಕ್ಟೋಬರ್ 15
ಮೂರು ಬಾವಿ ಶುರುವಾಗಿವೆ. ಕೆಳಗೆ ಅನಿಲ ಇಳಿದಿದೆ. ರಾಯ್ಸ್ ಶಿಳ್ಳೆ ಹಾಕುತ್ತಾ ಕೆಲಸಕ್ಕೆ ಹೋಗುತ್ತಾನೆ. ಖುಷಿಯಾಗುತ್ತದೆ, ದೇವರಾಣೆ. ಬೇಟೆಯ ಸೀಸನ್ ಶುರುವಾಯಿತು. ಈ ಸಲ ಅವನು ಎಲ್ಲಿಗೂ ಹೋಗಲಿಲ್ಲ. ಶನಿವಾರವಿಡೀ ಟಿವಿ ಮುಂದೆ ಕೂತಿದ್ದ.

ಗುಡ್ಡದ ಮೇಲೆ ಮೊದಲ ಹಿಮ. ಬಾವಿಯ ಪಂಪು ಗೊಣಗುತ್ತದೆ. ಕೊಳವೆಯ ಮೇಲೆ ಕೈಯಿಟ್ಟೆ, ಸಣ್ಣಗೆ ಅದುರುತ್ತಿತ್ತು. ಅವನು ಸೇದಬಾರದ ಗಾಳಿ ನನ್ನ ಅಂಗೈ ಕೆಳಗೆ ಹಾದುಹೋಗುತ್ತಿದೆ ಎಂದುಕೊಂಡೆ. ಎಷ್ಟು ಹೊತ್ತು ನಿಂತಿದ್ದೆನೋ, ಭುಜದ ಮೇಲೆ ಹಿಮ ಕೂತಿತ್ತು.

ನವೆಂಬರ್ 6
ಹೊಸ ನಕ್ಷೆ ಬಂತು. ಬರುವ ಬೇಸಿಗೆಗೆ ಇನ್ನೂ ಬಾವಿಗಳು. ಗಣಿ ಮುಂದೆ ಹೋದಂತೆ ಮೇಲೆ ರಸ್ತೆಯೂ ಹೋಗಬೇಕು. ಅಡುಗೆಮನೆಯಲ್ಲಿ ಹರಡಿಕೊಂಡು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದೆ. ರಾಯ್ಸ್ ಕಾಫಿ ಹಿಡಿದು ಹಿಂದೆ ಬಂದು ನಿಂತ.

“ನಾನು ಹೋದ್ರೆ ನನ್ನ ಎಲ್ಲಿ ಚೆಲ್ತೀಯ?”

“ಥೂ, ಬಿಡ್ತು ಅನ್ನು.”

“ತಮಾಷೆ ಅಲ್ಲ ಕಣೇ. ನೀನು ದಾರಿ ಹಾಕದೇ ಇರೋ ಜಾಗ ಒಂದು ತೋರ್ಸು.”

ಎಲ್ಲ ಕಡೆ ಹುಡುಕಿದೆ. ಬಡಗಣ ದಿಣ್ಣೆಯ ಆಚೆ ಒಂದು ಚಿಕ್ಕ ಆಸ್ಪೆನ್ ತೋಪು, ಇನ್ನೂ ಗೆರೆ ಮುಟ್ಟಿಲ್ಲ. ಅಲ್ಲಿ ಬೆರಳಿಟ್ಟೆ.

“ಅದರಡೀಲೂ ಕಲ್ಲಿದ್ದಲು ಇದೆ, ಅಲ್ಲಿಗೂ ನಿನ್ನ ದಾರಿ ಬರತ್ತೆ,” ಎಂದ. ನಾನು ಬೆರಳು ತೆಗೆಯಲಿಲ್ಲ. ಅವನ ಕೈ ಬಂದು ನನ್ನ ಕೈ ಮೇಲೆ ಕೂತಿತು, ಇಬ್ಬರೂ ಹಾಗೇ ಆ ತೋಪನ್ನು ಮುಚ್ಚಿ ಹಿಡಿದೆವು.